ಅಡ್ಡಿಗಳ ಪಟ್ಟಿ

ಆಫೀಸಿನಲ್ಲಿ ಅವಳು ಎದುರಿಗೆ ಮೇಡಂ, ಬೆನ್ನ ಹಿಂದೆ ಪಟ್ಟಿಯಮ್ಮ. ಆ ಹೆಸರು ತನಗಿದೆ ಎಂದು ಅವಳಿಗೂ ಗೊತ್ತಿತ್ತು, ಬೇಜಾರೇನೂ ಇರಲಿಲ್ಲ. ತರಕಾರಿಗೊಂದು ಪಟ್ಟಿ, ಅಮ್ಮನ ಮಾತ್ರೆಗೊಂದು ಪಟ್ಟಿ, ಕಳೆದುಹೋಗಬಾರದ ಪಟ್ಟಿಗಳಿಗೇ ಇನ್ನೊಂದು ಪಟ್ಟಿ ಇಟ್ಟುಕೊಂಡ ಹೆಂಗಸಿಗೆ ಜನ ಬೇರೇನು ಹೆಸರಿಡುತ್ತಾರೆ? ಸಾಫ್ಟ್‌ವೇರ್ ಬರೆಯುವವರು ಬೇರೆ, ಬರೆದದ್ದನ್ನು ಒತ್ತಿ, ಎಳೆದು, ಕೆಡವಿ ನೋಡಿ ಪರೀಕ್ಷೆ ಮಾಡುವವರು ಬೇರೆ. ಆ ಎರಡನೆಯ ಗುಂಪಿಗೆ ಅವಳು ಮುಖ್ಯಸ್ಥೆ. ಯಾರು, ಯಾವ ದಿನ, ಯಾವುದನ್ನು, ಎಷ್ಟು ಸಲ ನೋಡಬೇಕು ಎಂದು ಯೋಜನೆ ಹಾಕುವುದು ಅವಳ ಕೆಲಸ. ಎಲ್ಲ ಮುಗಿದ ಮೇಲೆ 'ಪರೀಕ್ಷೆ ಆಗಿದೆ, ಬಳಸಬಹುದು' ಎಂಬ ಹಾಳೆಗೆ ಸಹಿ ಹಾಕುವುದೂ ಅವಳದೇ.

ಈ ಸಲದ್ದು ಆಸ್ಪತ್ರೆಯ ಸಾಫ್ಟ್‌ವೇರ್. ವಾರ್ಡಿನಲ್ಲಿ ನರ್ಸುಗಳು ಔಷಧಿಯ ಗಾಡಿ ತಳ್ಳಿಕೊಂಡು ಹಾಸಿಗೆಯಿಂದ ಹಾಸಿಗೆಗೆ ಹೋಗುವಾಗ ಇಷ್ಟು ದಿನ ದಪ್ಪ ರಿಜಿಸ್ಟರ್ ನೋಡಿಕೊಂಡು ಕೊಡುತ್ತಿದ್ದರು. ಇನ್ನು ಮುಂದೆ ಕೈಯಲ್ಲೊಂದು ಟ್ಯಾಬ್. ಹಾಸಿಗೆಯ ನಂಬರು ಒತ್ತಿದರೆ ಮೇಲೆ ರೋಗಿಯ ಹೆಸರು, ಕೆಳಗೆ ಆ ಹೊತ್ತಿನ ಔಷಧಿ. ಕೊಟ್ಟು, 'ಕೊಟ್ಟಾಯಿತು' ಎಂಬ ಹಸಿರು ಗುಂಡಿ ಒತ್ತಿದರೆ ಮುಗಿಯಿತು. ಒತ್ತಿದವರ ಹೆಸರು ಗಂಟೆ ನಿಮಿಷ ಸಮೇತ ದಾಖಲಾಗುತ್ತದೆ, ಆಮೇಲೆ ಯಾರೂ ತಿದ್ದುವಂತಿಲ್ಲ. ತಪ್ಪಾದರೆ ಯಂತ್ರವನ್ನು ಯಾರು ಕೇಳುತ್ತಾರೆ? ಅಲ್ಲಿ ಕಾಣುವುದು ನರ್ಸಿನ ಹೆಸರು.

ಮೊದಲಿಗೆ ಇದು ಹೋಗುತ್ತಿದ್ದದ್ದು ಒಂದೇ ಒಂದು ವಾರ್ಡಿಗೆ. ಆ ವಾರ್ಡಿನ ಹಿರಿಯ ನರ್ಸು ಪಟ್ಟಿಯಮ್ಮನ ಸ್ವಂತ ಅಕ್ಕ. ಇಪ್ಪತ್ತೆರಡು ವರ್ಷದ ಕೆಲಸದಲ್ಲಿ ಒಂದು ಮಾತ್ರೆಯೂ ಅದಲುಬದಲಾಗಿಲ್ಲ ಎಂದು ಮನೆಮಂದಿಯೆಲ್ಲ ಹೇಳಿಕೊಳ್ಳುವ ಅಕ್ಕ. ಹಾಗಾಗಿ ಈ ಸಹಿ ಪಟ್ಟಿಯಮ್ಮನಿಗೆ ಬೇರೆಲ್ಲ ಸಹಿಗಳಂತೆ ಇರಲಿಲ್ಲ. ತಾನು ಬರೆಯುವುದು ತನ್ನ ಹೆಸರು, ಸಿಕ್ಕಿಬೀಳುವುದು ಅಕ್ಕನ ಹೆಸರು.

ಗೋಡೆಯ ಮೇಲೆ ಅವಳು ನಾನೂರ ಹನ್ನೆರಡು ಚೀಟಿ ಅಂಟಿಸಿದ್ದಳು. ಒಂದೊಂದು ಚೀಟಿ ಒಂದೊಂದು ಪರೀಕ್ಷೆ, ಒಟ್ಟು ಇಪ್ಪತ್ತು ದಿನದ ಕೆಲಸ. ಮ್ಯಾನೇಜರು ಬಂದು ಗೋಡೆಯನ್ನು ಮೇಲಿಂದ ಕೆಳಗೆ ನೋಡಿದರು.

"ತುಂಬಾ ಚೆನ್ನಾಗಿದೆ. ಹನ್ನೆರಡು ದಿನದಲ್ಲಿ ಮುಗಿಸಿ."

"ಸಾರ್, ಇಪ್ಪತ್ತು ಅಂತ ನೀವೇ ಒಪ್ಕೊಂಡಿದ್ರಿ."

"ಒಪ್ಕೊಂಡಿದ್ದೆ, ಯಾರು ಇಲ್ಲ ಅಂದ್ರು? ಆಸ್ಪತ್ರೆಯವರು ತಿಂಗಳ ಮೊದಲನೇ ತಾರೀಕೇ ಬೇಕು ಅಂತಿದಾರೆ. ಹೂಂ ಅಂದ್ಬಿಟ್ಟೆ. ನಿಮ್ಮ ಮೇಲೆ ನನಗೆ ನಂಬಿಕೆ ಇದೆ ಮೇಡಂ."

ನಂಬಿಕೆ ಇದೆ ಎಂದು ಯಾರಾದರೂ ಹೇಳಿದರೆ ಪಟ್ಟಿಯಮ್ಮನಿಗೆ ಅನುಮಾನ ಶುರುವಾಗುತ್ತಿತ್ತು. ಆದರೂ ಕೂತಳು. ತಪ್ಪಾದರೆ ರೋಗಿಗೆ ಪೆಟ್ಟು ಬೀಳುವಂಥವಕ್ಕೆ ಕೆಂಪು ಚುಕ್ಕೆ, ನರ್ಸಿಗೆ ಬರೀ ಕಿರಿಕಿರಿಯಾಗುವಂಥವಕ್ಕೆ ಹಳದಿ, ಕಣ್ಣಿಗಷ್ಟೇ ಅಸಹ್ಯವಾಗುವಂಥವಕ್ಕೆ ಚುಕ್ಕೆಯೇ ಇಲ್ಲ. ಚುಕ್ಕೆ ಇಲ್ಲದವೆಲ್ಲ ಗೋಡೆಯಿಂದ ಇಳಿದವು, ಹಳದಿಯಲ್ಲಿ ಅರ್ಧ ಇಳಿದವು. ಕೆಂಪಿನವನ್ನು ಮಾತ್ರ ಇಬ್ಬಿಬ್ಬರು ಬೇರೆ ಬೇರೆಯಾಗಿ ಮಾಡಬೇಕು ಎಂದು ಗೆರೆ ಎಳೆದಳು. ಅಂಥದ್ದನ್ನೆಲ್ಲ ಮೇಷ್ಟ್ರ ಕೈಗೆ ಕೊಟ್ಟಳು. ಮೇಷ್ಟ್ರು ಹಿಂದೆ ಶಾಲೆಯಲ್ಲಿ ಗಣಿತ ಹೇಳಿಕೊಡುತ್ತಿದ್ದವರು. ಗುಂಡಿ ಒತ್ತುವ ಮುಂಚೆ ಕನ್ನಡಕ ಒರೆಸಿಕೊಳ್ಳುವ ಜಾತಿ. ಅವರು ಕೇಳಿದ್ದು ಒಂದೇ.

"ನನಗೆ ನಿಶ್ಶಬ್ದ ಬೇಕು. ಆ ರೇಡಿಯೋನ ಬೇರೆ ಎಲ್ಲಾದರೂ ಇಡಿ."

ರೇಡಿಯೋ ಎಂದರೆ ಯಂತ್ರವಲ್ಲ, ಮನುಷ್ಯ. ಅದೇ ಗುಂಪಿನಲ್ಲಿ ಪರೀಕ್ಷೆ ಮಾಡುವ ನಲವತ್ತರ ಆಸುಪಾಸಿನ ಗಂಡಸು. ಬೆಳಿಗ್ಗೆ ಬಂದಾಗ ಚಾಲೂ ಆದರೆ ಸಂಜೆ ಬಾಗಿಲು ದಾಟುವ ತನಕ ಬಾಯಿ ಆಫ್ ಆಗುವುದಿಲ್ಲ. ಪಕ್ಕದವರು ತಲೆ ಎತ್ತದಿದ್ದರೂ ಮಾತು, ಕಿವಿಗೆ ಹತ್ತಿ ಇಟ್ಟುಕೊಂಡರೂ ಮಾತು. ಪಟ್ಟಿಯಮ್ಮ ಯೋಚಿಸಿ ಅವನನ್ನು ಕಾರಿಡಾರಿನ ಕೊನೆಯಲ್ಲಿದ್ದ ಪ್ರಿಂಟರಿನ ಕೋಣೆಗೆ ಹಾಕಿದಳು. ಟ್ಯಾಬಿನಲ್ಲಿದ್ದದ್ದೂ ಕಾಗದದ ಮೇಲೆ ಬಂದದ್ದೂ ಒಂದೇ ಇದೆಯೇ ಎಂದು ತಾಳೆ ನೋಡುವ ಕೆಲಸ. ಉಳಿದ ನಾಲ್ವರ ಕೋಣೆಯ ಬಾಗಿಲಿಗೆ ಅವಳೇ ದಪ್ಪ ಅಕ್ಷರದಲ್ಲಿ ಒಂದು ಹಾಳೆ ಅಂಟಿಸಿದಳು: 'ಪರೀಕ್ಷೆ ನಡೆಯುತ್ತಿದೆ, ಸದ್ದು ಮಾಡಬೇಡಿ.' ಕೋಣೆ ಎಷ್ಟು ತಣ್ಣಗಾಯಿತೆಂದರೆ ಮೇಷ್ಟ್ರು ಕನ್ನಡಕ ಒರೆಸುವ ಸದ್ದೂ ಕೇಳಿಸುತ್ತಿತ್ತು.

ಏಳನೇ ದಿನಕ್ಕೆ ಕೆಂಪು ಚುಕ್ಕೆಯ ಚೀಟಿಗಳೆಲ್ಲ ಪಾಸು. ಸಣ್ಣಪುಟ್ಟ ತಪ್ಪು ಸಿಕ್ಕಿದ್ದವು, ಮೌನಿ ಅವನ್ನು ಅವತ್ತವತ್ತೇ ಸರಿಮಾಡಿದ್ದಳು. ಮೌನಿ ಈ ಸಾಫ್ಟ್‌ವೇರ್ ಬರೆದವಳು, ದಿನಕ್ಕೆ ಹತ್ತು ಮಾತು ಆಡಿದರೆ ಹೆಚ್ಚು. ಮ್ಯಾನೇಜರ ಮುಖ ಅರಳಿತು. ಪಟ್ಟಿಯಮ್ಮನಿಗೂ ಎದೆ ಹಗುರಾಯಿತು. ಅಕ್ಕ ಹೇಗೂ ಬಳಸುವವಳು, ಮುಂಚೆಯೇ ಒಂದು ಸಲ ಕೈಯಾಡಿಸಲಿ ಎಂದು ಕಟ್ಟಿದ ಹೆಸರುಗಳ, ಅಂದರೆ ನಿಜದಲ್ಲಿ ಇಲ್ಲದ ಆರು ರೋಗಿಗಳ ಟ್ಯಾಬ್ ಒಂದನ್ನು ಕೇಳಿ ಪಡೆದು ಮನೆಗೆ ತಂದಳು.

ಅಕ್ಕನ ಮನೆ ಎರಡು ಬೀದಿ ಆಚೆ. ಡ್ಯೂಟಿ ಮುಗಿಸಿ ಹೋಗುವಾಗ ತಾಯಿಯನ್ನು ನೋಡಿಕೊಂಡೇ ಹೋಗುವುದು ರೂಢಿ. ಅವತ್ತೂ ಬಂದವಳು ಚಪ್ಪಲಿ ಬಿಟ್ಟು, ಕಾಲನ್ನು ಇನ್ನೊಂದು ಕುರ್ಚಿಯ ಮೇಲೆ ಚಾಚಿ, ಟೀ ಲೋಟ ಹಿಡಿದಳು.

"ಕೊಡೇ ಪುಟ್ಟಿ, ನಿನ್ನ ಮಂತ್ರದ ಹಲಗೆ. ನೋಡೇಬಿಡೋಣ."

ಮೊದಲು ಆರೂ ಹಾಸಿಗೆಯವರ ಔಷಧಿ ಒಂದು ಸಲ ಓದಿಕೊಂಡಳು, ಆಮೇಲೆ ಒತ್ತಲು ಶುರು. ಒಂದನೇ ಹಾಸಿಗೆ, ಎರಡು, ಮೂರು, ನಾಲ್ಕು. ಚೆನ್ನಾಗಿದೆ ಎಂದು ತಲೆಯಾಡಿಸಿದಳು. ಐದನೆಯದನ್ನು ತೆರೆದಿದ್ದಳು, ಒಳಗಿನಿಂದ ಅಮ್ಮನ ಕೂಗು.

"ದೊಡ್ಡೋಳೇ, ನನ್ನ ಕನ್ನಡಕ ಎಲ್ಲಾದರೂ ಕಂಡ್ಯಾ?"

"ಪುಟ್ಟೀನ ಕೇಳಮ್ಮಾ!"

"ಅವಳಿಗೆ ಸಿಗಲ್ಲ, ನೀನೇ ಬಾ."

ಅಕ್ಕ ಗೊಣಗುತ್ತ ಎದ್ದು ಹೋದಳು. ಕನ್ನಡಕ ಅಮ್ಮನ ಹಣೆಯ ಮೇಲೇ ಇತ್ತು. ಅಷ್ಟರಲ್ಲಿ ಭಾವನ ಫೋನು, ಇಸ್ತ್ರಿ ಪೆಟ್ಟಿಗೆ ಎಲ್ಲಿಟ್ಟಿದ್ದೀಯ ಅಂತ. ಅದಕ್ಕೊಂದು ಉತ್ತರ ಕೊಟ್ಟು ಬಂದು ಕೂತು, ಹಸಿರು ಗುಂಡಿ ಒತ್ತಿದಳು. ಒತ್ತಿದವಳು ಹುಬ್ಬು ಗಂಟಿಕ್ಕಿದಳು.

"ಇದೇನೇ? ಐದನೇ ಬೆಡ್‌ನೋರಿಗೆ ಇನ್ಸುಲಿನ್ ಕೊಟ್ಟೆ ಅಂತ ಬರ್ಕೊಂಡಿದೆ? ಅದು ಆರನೆಯೋರದ್ದಲ್ವಾ?"

ಪಟ್ಟಿಯಮ್ಮ ಇಣುಕಿದಳು. ಹೌದು. ಐದನೆಯವರ ಹೆಸರಿನಲ್ಲಿ ಆರನೆಯವರ ಇನ್ಸುಲಿನ್. ಏಳು ದಿನ ಇಬ್ಬಿಬ್ಬರು ಕೂತು ಪಾಸು ಮಾಡಿದ ಚೀಟಿ ಕಣ್ಣ ಮುಂದೆ ಬಂತು. ಬಾಯಿಂದ ಮಾತು ಹಾರಿಯೇ ಹೋಯಿತು.

"ನೀನು ಮಾತಾಡ್ತಾ ಮಾತಾಡ್ತಾ ಆರನ್ನ ಒತ್ತಿರ್ತೀಯ, ಅಕ್ಕ."

"ನಾನಾ? ಇಲ್ವಲ್ಲೇ." ಅಕ್ಕ ತನ್ನ ಬೆರಳನ್ನೇ ತಿರುಗಿಸಿ ನೋಡಿಕೊಂಡಳು. "ಒತ್ತಿದ್ನಾ?"

"ಮೂವತ್ತು ಸಲ ಪರೀಕ್ಷೆ ಆಗಿದೆ ಇದು."

"ಹಾಗಾದ್ರೆ ನಾನೇ ಒತ್ತಿರ್ಬೇಕು. ವಯಸ್ಸಾಯ್ತು ನೋಡು."

ನಗುತ್ತ ಅಂದಳು, ಆದರೆ ಟೀ ಅರ್ಧಕ್ಕೇ ಬಿಟ್ಟಳು. ಹೋಗುವಾಗ ಚಪ್ಪಲಿ ಮೆಟ್ಟುತ್ತ ಇನ್ನೊಂದು ಸಲ ಕೇಳಿದಳು. "ಬೆರಳು ತಪ್ಪಿದ್ದು ನನಗೇ ಗೊತ್ತಾಗ್ಲಿಲ್ಲ ಅಂದ್ರೆ ಹೇಗೇ?" ಅಕ್ಕ ಹೋದ ಮೇಲೆ ಟ್ಯಾಬ್ ತೊಡೆಯ ಮೇಲಿಟ್ಟುಕೊಂಡು ಐದನೇ ಹಾಸಿಗೆಯನ್ನು ಇಪ್ಪತ್ತು ಸಲ ತೆರೆದಳು, ಇಪ್ಪತ್ತು ಸಲ ಒತ್ತಿದಳು. ಇಪ್ಪತ್ತೂ ಸಲ ಸರಿಯಾಗಿಯೇ ಬಂತು. ಸರಿಯಾಗಿ ಬಂದಷ್ಟೂ ಅವಳಿಗೆ ಕಸಿವಿಸಿ ಜಾಸ್ತಿಯಾಯಿತು.

ಮರುದಿನ ಆಫೀಸಿನಲ್ಲಿ ಹೇಳಿದಳು. ಮೇಷ್ಟ್ರು ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ಅದೊಂದನ್ನೇ ಮಾಡಿದರು. ಏನೂ ಆಗಲಿಲ್ಲ. ಮೌನಿ ತನ್ನ ದಿನದ ಹತ್ತು ಮಾತಿನಲ್ಲಿ ನಾಲ್ಕನ್ನು ಖರ್ಚು ಮಾಡಿದಳು. "ಮತ್ತೆ ಬರದಿದ್ರೆ ಹೇಗೆ ಹುಡುಕ್ಲಿ?"

ಆಗ ಬಾಗಿಲು ದಢಾರನೆ ತೆರೆಯಿತು. ರೇಡಿಯೋ.

"ಮೇಷ್ಟ್ರೇ, ಪ್ರಿಂಟರಿಗೆ ಹೊಟ್ಟೆ ಕಟ್ಟಿದೆ! ಮೂರು ಕಾಗದ ನುಂಗಿ ಕೂತಿದೆ, ಬಿಡ್ತಾನೇ ಇಲ್ಲ!"

"ಬಾಗಿಲ ಮೇಲೆ ಏನು ಬರ್ದಿದೆ ಓದೋಕೆ ಬರುತ್ತೇನ್ರೀ ನಿಮಗೆ?"

"ಬರುತ್ತೆ. ಸದ್ದು ಮಾಡಬೇಡಿ ಅಂತಿದೆ. ಪ್ರಿಂಟರೂ ಸದ್ದು ಮಾಡ್ತಿಲ್ಲ, ಅದೇ ತಾನೇ ತೊಂದ್ರೆ!"

ಮೇಷ್ಟ್ರಿಗೆ ರೇಗಿತು. ಟ್ಯಾಬನ್ನು ಮೇಜಿನ ಮೇಲೆ ಇಟ್ಟು ಎದ್ದು ನಿಂತರು. ಶಿಸ್ತು, ಏಕಾಗ್ರತೆ, ಇಂದಿನ ಕಾಲ ಎಂದು ಅವರದೊಂದು ಪಾಠ, ನಡುನಡುವೆ ರೇಡಿಯೋನ ಒಗ್ಗರಣೆ. ಉಳಿದವರು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರು. ಮೇಷ್ಟ್ರು ಉಸಿರು ಬಿಟ್ಟು ಕೂತು ಹಸಿರು ಗುಂಡಿ ಒತ್ತಿದರು, ಹಾಗೇ ಕಲ್ಲಾಗಿಬಿಟ್ಟರು.

"ಮೇಡಂ," ಅಂದರು ಮೆಲ್ಲಗೆ. "ಬನ್ನಿ ಇಲ್ಲಿ."

ಐದನೆಯವರ ಹೆಸರು. ಆರನೆಯವರ ಇನ್ಸುಲಿನ್.

"ಏನು ಮಾಡಿದ್ರಿ ಮೇಷ್ಟ್ರೇ?"

"ನಾನೇನೂ ಮಾಡ್ಲಿಲ್ಲ. ಮಾಡಿದ್ದು ಇವರು."

ಎಲ್ಲರೂ ತಿರುಗಿ ನೋಡಿದರು. ರೇಡಿಯೋ ಎರಡೂ ಕೈ ಮೇಲೆತ್ತಿದ. "ಅಯ್ಯೋ, ನಾನು ಮುಟ್ಟೇ ಇಲ್ಲಪ್ಪಾ ಅದನ್ನ!"

ಪಟ್ಟಿಯಮ್ಮ ಬಾಗಿಲ ಮೇಲಿನ ಹಾಳೆಯನ್ನು ನೋಡಿದಳು. ಅವಳ ಮುಖ ಕಿವಿಯ ತನಕ ಬಿಸಿಯಾಯಿತು. ವಾರ್ಡಿನಲ್ಲಿ ಯಾರು ಈ ಹಾಳೆ ಅಂಟಿಸುತ್ತಾರೆ? ಅಕ್ಕ ಒಂದು ಲೋಟ ಟೀಯನ್ನಾದರೂ ಒಂದೇ ಸಲಕ್ಕೆ ಕುಡಿದು ಮುಗಿಸಿದ್ದನ್ನು ತಾನು ಕಂಡಿದ್ದುಂಟೇ? ಗೋಡೆಯ ಮೇಲಿದ್ದ ಒಂದೊಂದು ಪರೀಕ್ಷೆಯೂ ಯಾರೂ ಕರೆಯದ, ಯಾರೂ ಕೆಮ್ಮದ ಲೋಕದಲ್ಲಿ ಶುರುವಾಗಿ ಅಲ್ಲೇ ಮುಗಿಯುತ್ತಿತ್ತು.

ಅಲ್ಲಿಂದ ಯೋಜನೆ ಬದಲಾಯಿತು. ಬದಲಾದ ಯೋಜನೆಯೇನೂ ತಕ್ಷಣ ಫಲ ಕೊಡಲಿಲ್ಲ. ಮೌನಿಗೆ ಬೇಕಾಗಿದ್ದದ್ದು ಲೆಕ್ಕ: ಎಷ್ಟು ಹೊತ್ತು ಬಿಟ್ಟಿದ್ದಿರಿ? "ಜಗಳ ಆಡೋವಾಗ ಗಡಿಯಾರ ಯಾರಮ್ಮ ನೋಡ್ತಾರೆ?" ಎಂದರು ಮೇಷ್ಟ್ರು. ನಾಲ್ವರೂ ಟ್ಯಾಬ್ ಹಿಡಿದು ಅರ್ಧ ನಿಮಿಷ ಕಾದು ನೋಡಿದರು, ಎರಡು ನಿಮಿಷ ಕಾದರು, ಹತ್ತು ನಿಮಿಷ ಕಾದರು. ತಪ್ಪು ಎದುರಿಗೆ ಬರಲಿಲ್ಲ.

ಒಂಬತ್ತನೇ ದಿನ ಪಟ್ಟಿಯಮ್ಮ ರೇಡಿಯೋನನ್ನು ಕರೆದಳು. "ಇವತ್ತಿಂದ ನಿಮ್ಮ ಕೆಲಸ ಇವರಿಗೆಲ್ಲ ಅಡ್ಡಿ ಮಾಡೋದು. ಯಾವಾಗ ಬೇಕಾದ್ರೂ ಬನ್ನಿ, ಏನು ಬೇಕಾದ್ರೂ ಮಾತಾಡಿ."

ಕೋಣೆಯಲ್ಲಿ ನಗುವೋ ನಗು. "ಕೊನೆಗೂ ಪ್ರತಿಭೆ ಗುರ್ತಿಸಿದ್ರಿ ಮೇಡಂ" ಎಂದು ಯಾರೋ ಕುಟುಕಿದರು. ರೇಡಿಯೋ ಕೂಡ ನಕ್ಕ, ಆದರೆ ಆ ನಗು ಅರ್ಧಕ್ಕೇ ನಿಂತಿತು. ಸ್ವಲ್ಪ ಹೊತ್ತಿನ ಮೇಲೆ ಬಾಗಿಲಲ್ಲಿ ಟಕ್ ಟಕ್ ಸದ್ದು. ಇಷ್ಟು ವರ್ಷದಲ್ಲಿ ಅವನು ಬಾಗಿಲು ತಟ್ಟಿದ್ದು ಅದೇ ಮೊದಲು.

"ಕ್ಷಮಿಸಿ. ಸ್ವಲ್ಪ ತೊಂದ್ರೆ ಕೊಡಬಹುದಾ?"

"ಕೊಡಿ," ಎಂದರು ಮೇಷ್ಟ್ರು, ಟ್ಯಾಬಿನಿಂದ ಕಣ್ಣೆತ್ತದೆ.

"ಏನಿಲ್ಲ... ಹೊರಗೆ ಬಿಸಿಲು." ಅಷ್ಟು ಹೇಳಿ ನಿಂತ. ಮುಂದೆ ಮಾತೇ ಬರಲಿಲ್ಲ. ಹನ್ನೊಂದು ಗಂಟೆಗೆ ಮತ್ತೆ ಬಂದ, ಟೀ ಕುಡಿದ್ರಾ ಎಂದು ಕೇಳಿ ಹೋದ. ಮಧ್ಯಾಹ್ನ ಬರಲೇ ಇಲ್ಲ.

ಪಟ್ಟಿಯಮ್ಮ ಹುಡುಕಿಕೊಂಡು ಹೋದಾಗ ಮೆಟ್ಟಿಲ ಮೇಲೆ ಒಬ್ಬನೇ ಕೂತಿದ್ದ. ಅವಳೂ ಒಂದು ಮೆಟ್ಟಿಲು ಬಿಟ್ಟು ಕೂತಳು.

"ಯಾಕೆ, ಹುಷಾರಿಲ್ವಾ?"

"ಹುಷಾರಾಗೇ ಇದೀನಿ ಮೇಡಂ." ಅವನು ಬೆರಳಿನಿಂದ ಮೆಟ್ಟಿಲ ಅಂಚನ್ನು ಉಜ್ಜುತ್ತಿದ್ದ. "ನನ್ನನ್ನ ಆ ಪ್ರಿಂಟರ್ ರೂಮಿಗೆ ಯಾಕೆ ಹಾಕಿದ್ರಿ ಅಂತ ನನಗೆ ಗೊತ್ತಿರ್ಲಿಲ್ಲ. ಕೆಲಸ ಇದೆ ಅಂತ ಹಾಕಿದಾರೆ ಅಂದ್ಕೊಂಡಿದ್ದೆ. ಇವತ್ತು ಗೊತ್ತಾಯ್ತು."

ಅವನು ಅವಳ ಕಡೆ ತಿರುಗಿದ.

"ನಾನು ಅಡ್ಡಿ ಮಾಡೋಕೆ ಬರೋನಲ್ಲ. ಮಾತಾಡೋಕೆ ಬರೋನು. ಇಲ್ಲಿಗೆ ಬರೋ ಮುಂಚೆ ಹನ್ನೊಂದು ವರ್ಷ ಫೋನಲ್ಲಿ ಜನರ ದೂರು ಕೇಳೋ ಕೆಲಸ ಮಾಡಿದೀನಿ. ಅಲ್ಲಿ ನಾವು ಒಂದು ಗಳಿಗೆ ಸುಮ್ನಾದ್ರೆ ಆ ಕಡೆಯವರು 'ಹಲೋ, ಹಲೋ, ಇದೀರಾ' ಅಂತ ಕಿರಿಚ್ತಾರೆ. ಲೈನ್ ಹೋಯ್ತು ಅಂದ್ಕೊಂಡು ಪಾಪ ಹೆದರ್ತಾರೆ. ಆ ಅಭ್ಯಾಸ ಹೋಗಿಲ್ಲ, ಅಷ್ಟೇ. ಕಾಟ ಅಂತ ಒಬ್ಬರೂ ನೇರ ಹೇಳ್ಲಿಲ್ಲ ನೋಡಿ."

"ತಪ್ಪು ನನ್ನದು," ಎಂದಳು ಪಟ್ಟಿಯಮ್ಮ. ಅಲಂಕಾರವಿಲ್ಲದೆ ಅಷ್ಟೇ ಹೇಳಿದಳು. "ಅವತ್ತು ನಿಮ್ಮನ್ನ ಹಾಕಿದ್ದು ತಪ್ಪು. ಇವತ್ತು ಎಲ್ಲರೆದುರು ಹಾಗೆ ಹೇಳಿದ್ದು ಇನ್ನೊಂದು ತಪ್ಪು. ಆದ್ರೆ ನನಗೆ ಈಗ ನಿಜವಾಗಿ ಕೈಕಾಲು ಆಡ್ತಿಲ್ಲ. ಇನ್ನು ಮೂರು ದಿನಕ್ಕೆ ಆ ಹಾಳೆ ಬರುತ್ತೆ. ನಾನು ಸಹಿ ಹಾಕಿದ್ರೆ ಆ ಟ್ಯಾಬ್ ನಮ್ಮಕ್ಕನ ಕೈಗೆ ಹೋಗುತ್ತೆ. ತಪ್ಪಾದ್ರೆ ಅವಳ ಹೆಸರು ಬರುತ್ತೆ, ನಮ್ಮದಲ್ಲ."

ರೇಡಿಯೋ ಮೆಟ್ಟಿಲಿನಿಂದ ಎದ್ದು ನಿಂತ.

"ನಿಮ್ಮಕ್ಕನೋರ ವಾರ್ಡಲ್ಲಿ ಒಂದು ದಿನ ಕೂರೋಕೆ ಬಿಡ್ತಾರಾ?" ಎಂದ. "ಇಲ್ಲಿ ಕೂತು ನಾವು ಅಡ್ಡಿ ಹುಟ್ಟಿಸೋದು ಯಾಕೆ? ಅಲ್ಲಿ ಹೇಗೆ ಆಗುತ್ತೋ ಹಾಗೇ ಬರ್ಕೊಂಡು ಬರ್ತೀನಿ. ಮಾತು ನೆನಪಿಟ್ಕೊಳ್ಳೋದು ನನಗೆ ಬಿಡಿ."

ಅಕ್ಕ ಮೇಲಿನವರನ್ನು ಕೇಳಿ ಒಪ್ಪಿಸಿದಳು. ಷರತ್ತು ಎರಡು: ರೋಗಿಯ ಹೆಸರು ಬರೆಯಬಾರದು, ದಾರಿಗೆ ಅಡ್ಡ ಕೂರಬಾರದು. ಹತ್ತನೇ ದಿನ ಬೆಳಿಗ್ಗೆ ಏಳರಿಂದ ಮಧ್ಯಾಹ್ನ ಎರಡರವರೆಗೆ ರೇಡಿಯೋ ವಾರ್ಡಿನ ಬಾಗಿಲ ಪಕ್ಕದ ಬೆಂಚಿನಲ್ಲಿ ನೋಟುಬುಕ್ಕು, ಕೈಗಡಿಯಾರ ಹಿಡಿದು ಕೂತ. ಏಳು ಗಂಟೆ ಅವನು ಸುಮ್ಮನಿದ್ದ ಎಂಬುದನ್ನು ಆಫೀಸಿನಲ್ಲಿ ಇವತ್ತಿಗೂ ಕೆಲವರು ನಂಬುವುದಿಲ್ಲ.

ಅವನ ನೋಟುಬುಕ್ಕಿನಲ್ಲಿ ಅರವತ್ತಮೂರು ಅಡ್ಡಿಗಳಿದ್ದವು. ಹನ್ನೊಂದನೇ ದಿನ ಬೆಳಿಗ್ಗೆ ಅವನು ಓದುತ್ತ ಹೋದ. ಓದಿದ ಅನ್ನುವುದಕ್ಕಿಂತ ವಾರ್ಡನ್ನೇ ತಂದು ಕೋಣೆಯಲ್ಲಿ ಇಳಿಸಿದ ಅನ್ನಬೇಕು. ಒಬ್ಬೊಬ್ಬರಿಗೂ ಬೇರೆ ಬೇರೆ ಗಂಟಲು.

"ಏಳು ನಲವತ್ತು. ಕಿಟಕಿ ಪಕ್ಕದ ಅಜ್ಜ: 'ಸಿಸ್ಟರಮ್ಮಾ, ಗಾಳಿ ಚುಚ್ತಿದೆ, ಕಿಟಕಿ ಹಾಕಿ ತಾಯೀ.' ಹಾಕಿ ಬರೋಕೆ ಒಂದು ನಿಮಿಷ ಐವತ್ತು ಸೆಕೆಂಡು. ಯಾಕಂದ್ರೆ ಕಿಟಕಿ ಹಾಕಿದ ಮೇಲೆ ಅಜ್ಜ ಮೊಮ್ಮಗಳ ವಿಷಯ ಶುರುಮಾಡಿದ್ರು. ಎಂಟು ಐದು. ಫೋನ್: 'ಡಾಕ್ಟರು ಲೈನಲ್ಲಿದ್ದಾರೆ, ಬೇಗ.' ಎರಡು ನಿಮಿಷ ಹತ್ತು. ಎಂಟು ಹನ್ನೆರಡು. ಒಬ್ಬ ಅಳಿಯ: 'ನಮ್ಮತ್ತೇನ ಯಾವಾಗ ಕಳಿಸ್ತೀರಾ? ಅರ್ಜೆಂಟ್ ಏನಿಲ್ಲ, ಸುಮ್ನೆ ಕೇಳ್ದೆ.' ಎರಡು ನಿಮಿಷ."

ಮೇಷ್ಟ್ರು ನಕ್ಕು ನಕ್ಕು ಕಣ್ಣು ಒರೆಸಿಕೊಂಡರು. ಆದರೆ ಪಟ್ಟಿಯಮ್ಮ ನಗದೆ ಬರೆದುಕೊಳ್ಳುತ್ತಿದ್ದಳು. ಅರವತ್ತಮೂರರಲ್ಲಿ ನಲವತ್ತಕ್ಕೂ ಹೆಚ್ಚು ಅಡ್ಡಿ ಒಂದೂವರೆ ನಿಮಿಷಕ್ಕಿಂತ ಮೇಲೆ, ಮೂರು ನಿಮಿಷದ ಒಳಗೆ.

"ಎರಡು ನಿಮಿಷ ನಾವೂ ಕಾದು ನೋಡಿದೀವಲ್ಲ ಮೇಡಂ, ಬರ್ಲಿಲ್ಲ," ಎಂದರು ಮೇಷ್ಟ್ರು.

"ಕಾದಿರಿ," ಎಂದ ರೇಡಿಯೋ, "ಆದ್ರೆ ಕೈ ಬಿಡ್ಲಿಲ್ಲ. ನಿಮ್ಮ ಬೆರಳು ನೋಡ್ಕೊಳ್ಳಿ."

ಎಲ್ಲರೂ ನೋಡಿಕೊಂಡರು. ಮೇಷ್ಟ್ರ ಹೆಬ್ಬೆರಳು ಟ್ಯಾಬಿನ ಮೂಲೆಯ ಮೇಲೆ ತನ್ನ ಪಾಡಿಗೆ ಟಪ್ ಟಪ್ ಅನ್ನುತ್ತಿತ್ತು. ಪರದೆ ಆರಿದರೆ ಮತ್ತೆ ಪಾಸ್‌ವರ್ಡು ಕೊಡಬೇಕಲ್ಲ ಎಂದು ವರ್ಷಗಟ್ಟಲೆ ಬೆಳೆದ ಚಾಳಿ ಅದು, ಪರೀಕ್ಷೆ ಮಾಡುವವರಿಗೆಲ್ಲ ಇದ್ದದ್ದೇ. ಕಾಯುವಾಗಲೂ ಅವರು ಪರದೆಯನ್ನು ನಿದ್ದೆಹೋಗಲು ಬಿಟ್ಟಿರಲಿಲ್ಲ. ಅಕ್ಕನಾದರೋ ಅದನ್ನು ಇಟ್ಟು ಎದ್ದೇ ಹೋಗಿದ್ದಳು.

ಆಮೇಲೆ ಅರ್ಧ ಗಂಟೆಯೂ ಬೇಕಾಗಲಿಲ್ಲ. ರೇಡಿಯೋ ಅಜ್ಜನ ಗಂಟಲಲ್ಲಿ ಕೂಗಿದ, ಮೇಷ್ಟ್ರು ಟ್ಯಾಬ್ ಇಟ್ಟು ಎದ್ದು ಹೋಗಿ ನಿಜವಾಗಿ ಕಿಟಕಿ ಹಾಕಿ ಬಂದರು, ಗುಂಡಿ ಒತ್ತಿದರು. ಇನ್ಸುಲಿನ್. ಅಳಿಯ ಬಂದ. ಇನ್ಸುಲಿನ್. ಮೌನಿ ತನ್ನ ಕಂಪ್ಯೂಟರಿನ ಮುಂದೆ ಕೂತು ಹುಡುಕಿ, ತಲೆ ಮೇಲೆ ಕೈ ಹೊತ್ತಳು.

"ನಾನೇ ಮಾಡಿದ್ದು," ಎಂದಳು. ಅವತ್ತು ಅವಳು ಹತ್ತು ಮಾತಿನ ಮಿತಿ ಮೀರಿದಳು. "ಒಂದೂವರೆ ನಿಮಿಷ ಮುಟ್ಟದಿದ್ರೆ ಪರದೆ ಆರುತ್ತೆ. ಎಬ್ಬಿಸಿದಾಗ ಮುಂದಿನ ಹಾಸಿಗೆಯ ಔಷಧಿ ತಾನೇ ತೆರ್ಕೊಳ್ಳಲಿ ಅಂತ ಬರೆದಿದ್ದೆ. ನರ್ಸಮ್ಮನಿಗೆ ಒಂದು ಒತ್ತೋ ಕೆಲಸ ಉಳೀಲಿ ಅಂತ. ಔಷಧಿ ಬದಲಾಗುತ್ತೆ, ಮೇಲಿನ ಹೆಸರು ಬದಲಾಗ್ತಿಲ್ಲ. ಮೂರು ನಿಮಿಷ ದಾಟಿದ್ರೆ ಪೂರ್ತಿ ಬೀಗ ಬಿದ್ದು ಮೊದಲಿಂದ ಶುರುವಾಗುತ್ತೆ, ಆಗ ತೊಂದ್ರೆ ಇಲ್ಲ."

ಅವಳ ಕಣ್ಣಲ್ಲಿ ನೀರಾಡಿತು. ಪಟ್ಟಿಯಮ್ಮ ಅವಳ ಬೆನ್ನು ತಟ್ಟಿದಳು. "ಒಳ್ಳೇದಾಗ್ಲಿ ಅಂತಾನೇ ಮಾಡಿದ್ದಲ್ವಾ? ಈಗ ಸಿಕ್ತು, ಬಿಡು."

ಹನ್ನೆರಡನೇ ದಿನ ಮ್ಯಾನೇಜರು ಹಾಳೆ ಹಿಡಿದುಕೊಂಡೇ ಬಂದರು. ಪಟ್ಟಿಯಮ್ಮ ಎಲ್ಲವನ್ನೂ ಹೇಳಿದಳು. ಅವರು ಕೇಳಿಸಿಕೊಂಡರು, ಕೇಳಿಸಿಕೊಳ್ಳುವುದರಲ್ಲಿ ಅವರದು ಎತ್ತಿದ ಕೈ.

"ಸರಿ, ತಪ್ಪಿದೆ. ಒಪ್ತೀನಿ. ಆದ್ರೆ ನರ್ಸಿಗೆ ಕಣ್ಣಿಲ್ವಾ ಮೇಡಂ? ಒತ್ತೋ ಮುಂಚೆ ಓದ್ತಾರೆ ತಾನೇ? ಹುಷಾರಾಗಿರಿ ಅಂತ ಒಂದು ಸೂಚನೆ ಕಳಿಸೋಣ. ನೀವು ಸಹಿ ಹಾಕಿ, ತಪ್ಪನ್ನ ಆಮೇಲೆ ಸರಿಮಾಡೋಣ. ನಾನು ಮಾತು ಕೊಟ್ಟು ಕೂತಿದೀನಿ."

"ಸಾರ್, ಹತ್ತು ನಿಮಿಷ ಕೊಡಿ. ನೀವೇ ಒಂದು ಸುತ್ತು ಔಷಧಿ ಕೊಟ್ಟು ನೋಡಿ."

ಮೀಟಿಂಗ್ ಕೋಣೆಯಲ್ಲಿ ಆರು ಕುರ್ಚಿ ಸಾಲಾಗಿ ಹಾಕಿದರು. ಆರು ಹಾಸಿಗೆ. ಐದನೆಯದರಲ್ಲಿ ಮೇಷ್ಟ್ರು ರೋಗಿ. ಬಣ್ಣದ ಮುಚ್ಚಳದ ಬಾಟಲಿಗಳಿಗೆ ಚೀಟಿ ಅಂಟಿಸಿ ಒಂದು ತಟ್ಟೆಯಲ್ಲಿಟ್ಟರು. ಮ್ಯಾನೇಜರು ನಗುತ್ತಲೇ ಟ್ಯಾಬ್ ಹಿಡಿದರು. "ನನಗೆ ಈಗಷ್ಟೇ ಹೇಳಿದೀರಾ, ಎಲ್ಲಿ ತಪ್ಪಾಗುತ್ತೆ ಅಂತ. ನಾನೇನು ಬೀಳಲ್ಲ" ಎಂದರು. ಒಂದನೆಯವರಿಗೆ ಕೊಟ್ಟರು, ಎರಡನೆಯವರಿಗೆ ಕೊಟ್ಟರು. ಮೂರನೆಯದರಲ್ಲಿ ಅಳಿಯ ಬಂದ. ಉತ್ತರ ಹೇಳಿ ಕಳಿಸಿ, ಟ್ಯಾಬನ್ನು ಎರಡೆರಡು ಸಲ ಓದಿ, ಗೆದ್ದ ಮುಖ ಮಾಡಿದರು. ಐದನೆಯದನ್ನು ತೆರೆದಾಗ ಕಿಟಕಿ ಪಕ್ಕದ ಅಜ್ಜ ಕೂಗಿದ. ಹೋಗಿ ಕಿಟಕಿ ಹಾಕಿದರು. ಅಜ್ಜ ಮೊಮ್ಮಗಳ ಕತೆ ತೆಗೆದ. ಅದರ ನಡುವೆ ಫೋನು, ಡಾಕ್ಟರು ಲೈನಲ್ಲಿ. ಡಾಕ್ಟರು ಎರಡನೇ ಹಾಸಿಗೆಯ ಜ್ವರ ಎಷ್ಟಿದೆ ಎಂದು ಕೇಳಿದರು, ಮ್ಯಾನೇಜರು ತಡಕಾಡಿದರು. ಆ ಕಡೆಯಿಂದ ಒಬ್ಬಾಕೆ, ಈ ನೀರಿನ ನಲ್ಲಿ ನಿಲ್ತಾ ಇಲ್ವಲ್ಲಾ ಸಿಸ್ಟರ್ ಎಂದಳು. ಎಲ್ಲ ಗಂಟಲೂ ರೇಡಿಯೋನದೇ. ಮ್ಯಾನೇಜರ ಹಣೆಯಲ್ಲಿ ಬೆವರು ಮೂಡಿತು. ಓಡುತ್ತ ಬಂದರು, ಟ್ಯಾಬ್ ಎತ್ತಿದರು, ಮೇಲಿನ ಹೆಸರನ್ನು ಗಟ್ಟಿಯಾಗಿ ಓದಿದರು, ಪರದೆ ಹೇಳಿದ ಬಾಟಲಿಯನ್ನು ಮೇಷ್ಟ್ರ ಕೈಗಿಟ್ಟರು, ಒತ್ತಿದರು.

ಮೇಷ್ಟ್ರು ಬಾಟಲಿಯ ಚೀಟಿಯನ್ನು ಓದಿ ಹೇಳಿದರು. "ಸಾರ್, ಇದು ಇನ್ಸುಲಿನ್. ನನಗೆ ಸಕ್ಕರೆ ಕಾಯಿಲೆ ಇಲ್ಲ."

ಮ್ಯಾನೇಜರು ಟ್ಯಾಬ್ ನೋಡಿದರು. ಅದರಲ್ಲಿ ಅವರ ಹೆಸರು, ಗಂಟೆ, ನಿಮಿಷ. ಅವರು ತಟ್ಟನೆ ತಿದ್ದಲು ಬೆರಳಿಟ್ಟರು. ತಿದ್ದಲು ಬರುವುದಿಲ್ಲ ಎಂಬುದು ಬೆರಳಿಟ್ಟ ಮೇಲೆ ನೆನಪಾಯಿತು. ಕೋಣೆಯಲ್ಲಿ ಯಾರೂ ನಗಲಿಲ್ಲ, ರೇಡಿಯೋ ಕೂಡ.

"ಗೊತ್ತಿದ್ದೂ ಬಿದ್ನಲ್ಲ," ಎಂದರು ಅವರು ತಮ್ಮಷ್ಟಕ್ಕೆ. ಆರನೇ ಹಾಸಿಗೆಯ ಮೇಲೆ ಕೂತುಕೊಂಡರು. "ಎಷ್ಟು ದಿನ ಬೇಕು?"

"ಸರಿಮಾಡೋಕೆ ಎರಡು. ಅಡ್ಡಿಗಳ ಪಟ್ಟಿಯಲ್ಲಿ ಇರೋ ಅರವತ್ತಮೂರನ್ನೂ ಕೆಂಪು ಚುಕ್ಕೆಯ ಎಲ್ಲ ಪರೀಕ್ಷೆ ಜೊತೆ ಸೇರಿಸಿ ನೋಡೋಕೆ ಏಳು. ಒಟ್ಟು ಒಂಬತ್ತು."

"ಏಳಕ್ಕೆ ಆಗಲ್ವಾ?"

"ಆಗಲ್ಲ ಸಾರ್."

ಅವರು ಸಹಿಯಿಲ್ಲದ ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಜೇಬಿಗೆ ಹಾಕಿಕೊಂಡರು. ಆಸ್ಪತ್ರೆಯವರಿಗೆ ಫೋನು ಮಾಡಿ ಬೈಸಿಕೊಳ್ಳಲು ಹೊರಟರು. ಬಾಗಿಲು ದಾಟುವಾಗ ರೇಡಿಯೋನ ಭುಜ ಮುಟ್ಟಿ, "ಆ ಅಜ್ಜ ನಿಜವಾಗಿಯೂ ಹಾಗೇ ಮಾತಾಡ್ತಾರೇನ್ರೀ?" ಎಂದು ಕೇಳಿದರು. ರೇಡಿಯೋ ಉತ್ತರ ಶುರುಮಾಡಿದ. ಮ್ಯಾನೇಜರು ಇನ್ನೂ ಕಾಲು ಗಂಟೆ ಬಾಗಿಲಲ್ಲೇ ಸಿಕ್ಕಿಕೊಂಡರು.

ಸಂಜೆ ಆಫೀಸಿನಿಂದಲೇ ಪಟ್ಟಿಯಮ್ಮ ಅಕ್ಕನಿಗೆ ಫೋನು ಮಾಡಿದಳು.

"ಒಂಬತ್ತು ದಿನ ಮುಂದಕ್ಕಾ?" ಅಕ್ಕ ರೇಗಿದಳು. "ನಿಮಗೇನೇ, ಹೇಳಿಬಿಡ್ತೀರಾ. ನಾವು ರಿಜಿಸ್ಟರೆಲ್ಲ ಕಟ್ಟಿ ಮೇಲಿಟ್ಟಾಗಿದೆ. ಮತ್ತೆ ಇಳಿಸ್ಬೇಕು, ಮತ್ತೆ ಗೀಚ್ಬೇಕು. ಆ ಬಾಯಿಬಡುಕ ಒಂದು ದಿನ ಕೂತು ಹೋದ್ನಲ್ಲ, ಏನು ಕಡಿದು ಗುಡ್ಡೆ ಹಾಕಿದ ಹಾಗಾದ್ರೆ?"

"ಅವರಿಂದಲೇ ಸಿಕ್ಕಿದ್ದು, ಅಕ್ಕ. ಅವತ್ತು ಮನೇಲಿ ಆಯ್ತಲ್ಲ, ಐದನೇ ಹಾಸಿಗೆ, ಇನ್ಸುಲಿನ್. ಅದು ನಿನ್ನ ಬೆರಳು ತಪ್ಪಿದ್ದಲ್ಲ. ಟ್ಯಾಬಿಂದೇ ತಪ್ಪು. ನಾನು ಹಾಗೆ ಅನ್ನಬಾರ್ದಿತ್ತು."

ಆ ಕಡೆಯಿಂದ ಸದ್ದಿಲ್ಲ.

"ಅಕ್ಕ? ಇದೀಯಾ?"

"ಇದೀನಿ." ಬೈಗುಳವೆಲ್ಲ ಇಳಿದು ಹೋದ ದನಿ. "ಅವತ್ತಿಂದ ನಾನು ಒಂದೊಂದು ಮಾತ್ರೆನೂ ಮೂರು ಮೂರು ಸಲ ನೋಡಿ ಕೊಡ್ತಿದ್ದೆ ಕಣೇ, ಪುಟ್ಟಿ. ಜೊತೆಯವರು ನಗ್ತಿದ್ರು. ಇನ್ನು ನನ್ನ ಕೈಲಿ ಈ ಕೆಲಸ ಆಗಲ್ವೇನೋ, ಬಿಟ್ಬಿಡೋಣ ಅಂತ ನಿಮ್ಮ ಭಾವನ ಹತ್ರ ಮೊನ್ನೆ ಮಾತೂ ಆಗಿತ್ತು."

"ಬಿಡಬೇಡ, ಅಕ್ಕ."

"ಬಿಡಲ್ಲ ಬಿಡು ಈಗ," ಎಂದಳು ಅಕ್ಕ, ಮೂಗು ಒರೆಸಿಕೊಳ್ಳುತ್ತ. "ಒಂಬತ್ತಲ್ಲ, ಹತ್ತು ದಿನ ತಗೋ. ಸರಿಯಾಗಿ ನೋಡು."